ಬೊಳ್ಳಿ ಊಟ ಬಿಟ್ಟ ದಿನಗಳು

ಅತ್ತೆ,

ನಿಮ್ಮ ಹನ್ನೊಂದನೇ ದಿನದ ಊಟ ಮುಗಿಸಿ ನೆಂಟರೆಲ್ಲ ಜೀಪು ಹತ್ತುವಾಗ ನಿಮ್ಮ ಕೋಳಿ ಬೊಳ್ಳಿ ಸೌದೆ ರಾಶಿಯ ಪಕ್ಕ ಕುತ್ತಿಗೆ ಒಳಗೆಳೆದುಕೊಂಡು ಕೂತಿತ್ತು. ನಿಮ್ಮ ತಮ್ಮ ಅದನ್ನು ನೋಡಿ, "ಇನ್ನು ಇದನ್ನ ಯಾರು ಸಾಕೋದು? ಮುಂದಿನ ಸಲ ನಾವು ಬಂದಾಗ ಸಾರು ಮಾಡು ಶಾಂತ" ಅಂದರು. "ಅದು ಅತ್ತೆದು" ಅಂದುಬಿಟ್ಟೆ. ನನಗೂ ಆ ಕೋಳಿಗೂ ಯಾವತ್ತೂ ಆಗಿಬಂದದ್ದಿಲ್ಲ, ನಿಮಗೇ ಗೊತ್ತು. ಆದರೂ ಆ ಮಾತು ಬಾಯಿಗೆ ಯಾಕೆ ಬಂತೋ... ಎರಡು ದಿನ ಬಿಟ್ಟು ನಿಮ್ಮ ಮಗನೂ ಕಕ್ಕಬೆಯ ಹೋಂಸ್ಟೇಗೆ, ಅಡುಗೆ ಕೆಲಸಕ್ಕೆ ವಾಪಸ್ ಹೋದರು. ಮಕ್ಕಳಿಲ್ಲದ ಮನೆ. ಉಳಿದದ್ದು ನಾನು, ಒಂದು ಬಿಳಿ ಕೋಳಿ.

ಹದ್ದಿನ ಕಾಲಿನಿಂದ ಜಾರಿ ನಮ್ಮ ಕಾಫಿ ಗಿಡಗಳ ನಡುವೆ ಬಿದ್ದ ಆ ಮರಿಯನ್ನು ನೀವು ಸೆರಗಿನಲ್ಲಿ ಸುತ್ತಿಕೊಂಡು ಬಂದದ್ದು ನೆನಪಿದೆಯಾ? ಮಡಿಲಲ್ಲಿಟ್ಟು, ನಿಮ್ಮ ತಟ್ಟೆಯ ಅಂಚಿನಿಂದಲೇ ತಿನ್ನಿಸಿ ಬೆಳೆಸಿದಿರಿ. ದೊಡ್ಡದಾದ ಮೇಲೂ ನೆಲಕ್ಕೆ ಎರಚಿದ ಕಾಳನ್ನು ಅದು ತಿರುಗಿ ನೋಡಲಿಲ್ಲ. ತೌಡು ಆಗದು, ತಂಗಳನ್ನ ಆಗದು. ಅಕ್ಕಿತರಿಯ ಕಡಂಬುಟ್ಟು ಉಂಡೆಯಾದರೆ ಬಿಸಿಯಿರಬೇಕು, ಪುಡಿ ಮಾಡಿರಬೇಕು. "ಕೋಳಿಗೆ ಇಷ್ಟೊಂದು ಮುದ್ದು ಒಳ್ಳೇದಲ್ಲ ಅತ್ತೆ" ಅಂತ ನಾನು ಗೊಣಗಿದರೆ, "ಅದಕ್ಕೆ ಬೊಡ ಅಂದ್ರೆ ಬೊಡ, ನಿಂಗೆಂಥ ಕಷ್ಟ?" ಅನ್ನುತ್ತಿದ್ದಿರಿ. ನಿಮ್ಮ ಅರೆಭಾಷೆಯ ಆ 'ಬೊಡ'ವನ್ನು ಅರಕಲಗೂಡು ಕಡೆಯ ನಾನು ಎಷ್ಟು ಸಲ ಅಣಕಿಸಿದ್ದೇನೋ. ಬಾಯಿ ತುಂಬ 'ಬೇಡ' ಅನ್ನೋಕೆ ಏನು ತೊಂದರೆ ಅಂತ.

ಡಿಸೆಂಬರಿನಲ್ಲಿ, ಎಲ್ಲರ ಮನೆಯಲ್ಲೂ ಕಾಫಿ ಕೊಯ್ಲಿನ ಗದ್ದಲ ಇರುವಾಗ, ಅದರ ರೆಕ್ಕೆ ಜೋತುಬಿತ್ತು. ಜುಟ್ಟು ಬೆಳ್ಳಗಾಯಿತು. ಎತ್ತಿಕೊಂಡರೆ ಗರಿಯ ಒಳಗೆ ಬರೀ ಎಲುಬು. ಕೊಕ್ಕರೆ ರೋಗವೇ ಇರಬೇಕು, ಇನ್ನೇನು ಹೋಯಿತು ಅಂದುಕೊಂಡು ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಮಡಿಕೇರಿಗೆ ಒಯ್ದೆ. ದನದ ಆಸ್ಪತ್ರೆಯ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅದರ ಕಣ್ಣು ಬಾಯಿ ಎಲ್ಲ ನೋಡಿದರು.

"ಕೊಕ್ಕರೆ ರೋಗ ಅಲ್ಲಮ್ಮ. ಜಂತು ಉಂಟು. ಔಷಧಿ ಕೊಡ್ತೇನೆ. ಆದ್ರೆ ಹೊಟ್ಟೆಗೆ ಏನೂ ಹೋಗ್ಲಿಲ್ಲ ಅಂದ್ರೆ ಔಷಧಿ ಕೊಟ್ಟೂ ಪ್ರಯೋಜನ ಇಲ್ಲ."

"ಅದು ಏನೂ ತಿನ್ನೋದಿಲ್ಲ ಮೇಡಂ. ಬರೀ ನಖರಾ."

"ಮೊದ್ಲು ಯಾರು ತಿನ್ನಿಸ್ತಿದ್ರು?"

ನಾನು ಬುಟ್ಟಿಯ ಮುಚ್ಚಳ ಹಾಕಿದೆ.

ಆ ವಾರ ನಾನು ಮಾಡದ್ದು ಏನಿತ್ತು ಹೇಳಿ? ರಾಗಿ ಗಂಜಿ, ಬೇಯಿಸಿದ ಮೊಟ್ಟೆಯ ಹಳದಿ, ಮೊಸರನ್ನ, ಪರಂಗಿ ಹಣ್ಣು. ಕಡಂಬುಟ್ಟನ್ನೂ ಬಿಸಿಬಿಸಿಯಾಗಿ ಪುಡಿ ಮಾಡಿ ಅದರ ಮುಂದಿಟ್ಟೆ. ಕೊಕ್ಕಿನ ತುದಿಗೆ ಹಚ್ಚಿದರೆ ತಲೆ ಒದರಿ ನನ್ನ ಮುಖಕ್ಕೇ ಹಾರಿಸುತ್ತಿತ್ತು. ಅಂಗನವಾಡಿಯಲ್ಲಿ ಹದಿನಾಲ್ಕು ಮಕ್ಕಳಿಗೆ ಕಾಗೆ ಗುಬ್ಬಿ ಕತೆ ಹೇಳಿ ಉಣ್ಣಿಸುವ ಟೀಚರ್ ನಾನು. ಒಂದು ಕೋಳಿಗೆ ಒಂದು ಅಗುಳು ತಿನ್ನಿಸಲಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ತಡವಾಗಿತ್ತು. ಬಟ್ಟಲನ್ನು ಅದರ ಮುಂದೆ ಕುಕ್ಕಿ, "ತಿಂದ್ರೆ ತಿನ್ನು, ಬಿಟ್ರೆ ಬಿಡು!" ಅಂತ ಕಿರುಚಿದೆ.

ಕಿರುಚಿದ ಮೇಲೆ ಅಲ್ಲೇ ನಿಂತುಬಿಟ್ಟೆ ಅತ್ತೆ. ಆ ಮಾತು ನನ್ನ ಬಾಯಿಗೆ ಹೊಸದಾಗಿರಲಿಲ್ಲ.

ಆಸ್ಪತ್ರೆಯಿಂದ ನಿಮ್ಮನ್ನು ಮನೆಗೆ ಕರೆತಂದ ಮೇಲಿನ ಆ ಕೊನೆಯ ಮೂರು ವಾರ... ನೀವು ಗಂಜಿ ಬೊಡ, ಚಪಾತಿ ಬೊಡ ಅಂದಿರಿ. ನಾನು ಸ್ಟೂಲಿನ ಮೇಲೆ ತಟ್ಟೆ ಇಟ್ಟು ಅಂಗನವಾಡಿಗೆ ಓಡುತ್ತಿದ್ದೆ. ಒಂದು ದಿನ ನೀವು ನನ್ನ ಸೀರೆಯ ತುದಿ ಹಿಡಿದು, "ಒಂದ್ ಚೂರು ಕೂತ್ಕೊ ಶಾಂತ" ಅಂದಿರಿ. ನಾನು ಸೆರಗು ಎಳೆದುಕೊಂಡೆ. "ನಂಗೆ ಬಸ್ಸು ಹೋಗ್ತದೆ ಅತ್ತೆ. ತಿಂದ್ರೆ ತಿನ್ನಿ, ಬಿಟ್ರೆ ಬಿಡಿ" ಅಂದೆ. ಸಂಜೆ ಬಂದಾಗ ತಟ್ಟೆ ಹಾಗೇ ಇತ್ತು. ಗಂಜಿಯ ಮೇಲೆ ಕೆನೆ ಕಟ್ಟಿತ್ತು. ನಾನು ಅದನ್ನು ಚೆಲ್ಲಿ ತಟ್ಟೆ ತೊಳೆದಿಟ್ಟೆ. ನೀವು ಗೋಡೆ ಕಡೆ ತಿರುಗಿ ಮಲಗಿದ್ದಿರಿ. ನಿದ್ದೆ ಬಂದಿತ್ತಾ? ಅಥವಾ...

ಕೋಳಿಯ ಮೇಲೆ ಕಿರುಚಿದ ಮಾರನೆಯ ದಿನ ಶನಿವಾರ, ರಜೆಯಲ್ಲ. ಆದರೂ ನಾನು ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆಯಿಂದ ತಲೆ ಎತ್ತಲಾಗದಷ್ಟು ಸುಸ್ತು. ಮಧ್ಯಾಹ್ನ ಅನ್ನಕ್ಕೆ ಸಾರು ಹಾಕಿಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ, ಬೊಳ್ಳಿ ಇದ್ದ ಬುಟ್ಟಿಯ ಪಕ್ಕವೇ ಕೂತೆ. ನೀವು ಹೋದಮೇಲೆ ನಾನು ಕೂತು ಉಂಡದ್ದೇ ಇಲ್ಲ. ಒಲೆಯ ಹತ್ತಿರ ನಿಂತೇ ಮುಗಿಸುತ್ತಿದ್ದೆ. ಅದನ್ನು ಕರೆಯಲಿಲ್ಲ, ಅದಕ್ಕೆ ಏನೂ ಕೊಡಲಿಲ್ಲ. ನಾಲ್ಕು ತುತ್ತು ತಿಂದಿರಬೇಕು. ಬುಟ್ಟಿಯಿಂದ ಕುತ್ತಿಗೆ ಹೊರಗೆ ಬಂತು. ನನ್ನ ತಟ್ಟೆಯ ಅಂಚಿನಿಂದ ಒಂದು ಅಗುಳು ಹೆಕ್ಕಿತು. ಇನ್ನೊಂದು ಹೆಕ್ಕಿತು. ನಾನು ಕೈ ನಿಲ್ಲಿಸಿದೆ. ಅದೂ ನಿಲ್ಲಿಸಿ ನನ್ನ ಮುಖ ನೋಡಿತು. ಮತ್ತೆ ತುತ್ತು ಎತ್ತಿದರೆ ಅದೂ ಬಗ್ಗಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಾನು ತಿನ್ನುತ್ತಲೇ ಹೋದೆ. ನಿಲ್ಲಿಸಿದರೆ ಅದೂ ನಿಲ್ಲಿಸೀತಲ್ಲ?

ಮುಂದಿನ ವಾರ ರಜೆಗೆ ಬಂದ ನಿಮ್ಮ ಮಗ ನಮ್ಮಿಬ್ಬರನ್ನೂ ನೋಡಿ ನಕ್ಕರು. "ಎಂಥದು, ಕೋಳಿ ಜೊತೆ ಪಂಕ್ತಿಯಾ?" ಅವತ್ತು ಅವರಿಗೆ ಎಲ್ಲ ಹೇಳಿದೆ. ನೀವು ಸೆರಗು ಹಿಡಿದದ್ದು, ನಾನು ಎಳೆದುಕೊಂಡದ್ದು. ಅವರು ಅಂಗಳದ ಕಡೆ ತಿರುಗಿದರು. "ಬಿಡು ಶಾಂತ. ನಾನು ಅಷ್ಟೂ ಮಾಡ್ಲಿಲ್ಲ" ಅಂದರು. ಆಮೇಲೆ ಬೀಡಿ ಹಚ್ಚಿಕೊಂಡು ತೋಟದ ಕಡೆ ಹೋದರು. ಬೈದಿದ್ದರೆ ಚೆನ್ನಾಗಿತ್ತೇನೋ ಅನ್ನಿಸಿತು.

ಬೊಳ್ಳಿ ಹುಷಾರಾಯಿತು ಅತ್ತೆ. ಎರಡು ತಿಂಗಳು ಮೂರು ಹೊತ್ತೂ ನನ್ನ ತಟ್ಟೆಯಲ್ಲೇ ಉಂಡಿತು. ಜುಟ್ಟಿಗೆ ಬಣ್ಣ ಬಂತು. ಪಕ್ಕದ ಮನೆಯ ಹುಂಜದ ಜೊತೆ ತಿರುಗಾಟವೂ ಶುರುವಾಯಿತು. ಕಾಫಿ ಹೂ ಬಿಡುವ ಹೊತ್ತಿಗೆ ಕಾವಿಗೆ ಕೂತಿತು. ಏಳು ಮೊಟ್ಟೆ ಇಟ್ಟಿದ್ದೆ, ಮೊನ್ನೆ ಐದು ಮರಿಯಾದವು. ಎರಡು ಅಪ್ಪಟ ಬಿಳಿ. ನೀವಿದ್ದಿದ್ದರೆ ಇಡೀ ಗಾಳಿಬೀಡಿಗೆ ಡಂಗುರ ಹೊಡೆಯುತ್ತಿದ್ದಿರಿ. ಈಗ ಅದಕ್ಕೆ ಪುರುಸೊತ್ತೇ ಇಲ್ಲ. ಮರಿಗಳನ್ನು ಕಟ್ಟಿಕೊಂಡು ತೋಟದ ತರಗೆಲೆ ಕೆದಕುತ್ತಾ, ಸಿಕ್ಕಿದ್ದನ್ನು ಕೊಕ್ಕಿನಲ್ಲಿ ಎತ್ತಿ ತೋರಿಸುತ್ತಾ ಓಡಾಡುತ್ತಿದೆ.

ಇವತ್ತು ಮಧ್ಯಾಹ್ನ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತು ಕರೆದೆ. ಒಮ್ಮೆ ತಲೆ ಎತ್ತಿ ನೋಡಿತು, ಬರಲಿಲ್ಲ. ನಾನೊಬ್ಬಳೇ ಉಂಡೆ. ಅರ್ಧ ಬಿಟ್ಟು ಎದ್ದೆ. ಒಬ್ಬರೇ ಕೂತರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅತ್ತೆ, ನಿಜ.

ನಿಮ್ಮ
ಶಾಂತ