ಸೂಜಿ ತಾಗಬಾರದ ಬಟ್ಟೆ

ಪ್ರೀತಿಯ ರಶೀದಾ ಖಾಲಾ, ಸಲಾಮ್.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆದಷ್ಟನ್ನು ಫೋಟೋ ತೆಗೆದು ನಿಮ್ಮ ಮೊಮ್ಮಗಳು ಮಹೆಕಳ ಮೊಬೈಲಿಗೆ ಕಳಿಸುತ್ತೇನೆ. ಹುಕ್ಕೇರಿಯ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ಕೂತು ಅವಳು ಓದಿ ಹೇಳಲಿ.

ಮಧ್ಯಾಹ್ನ ನಿಮ್ಮ ಮಗ ಅಲ್ತಾಫ ಫೋನ್ ಮಾಡಿದ್ದ. "ಅಮ್ಮಾಗ ಉಸಿರಾಟದ ತ್ರಾಸ ಭಾಳ ಆಗೈತಿ. ತನ್ನ ಕಫನ್ ಬಟ್ಟಿ ಕೇಳಾಕತ್ತಾಳ. ಲಗೂನ ತೊಗೊಂಡ ಬಾ" ಎಂದ. ಹಜ್‌ನಿಂದ ನೀವೇ ತಂದು, ಅಲ್ಲಿಯ ಪವಿತ್ರ ಜಮ್‌ಜಮ್ ನೀರಲ್ಲಿ ಅದ್ದಿ ಒಣಗಿಸಿ, ನಿಮ್ಮ ಕೊನೆಯ ದಿನ ಮೈಗೆ ಹೊದಿಸಲೆಂದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ ಆ ಬಿಳಿ ಬಟ್ಟೆ ಈಗ ನನ್ನ ಮುಂದೆಯೇ ಇದೆ. ಗೋಕಾಕ ಫಾಲ್ಸಿನ ಈ ಹೊಸ ಮ್ಯೂಸಿಯಂನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ನಾಳೆ ನನ್ನ ಪ್ರದರ್ಶನ ಶುರುವಾಗುವುದಿದೆ.

ನಾನು ಉಡುಪು ರೂಪಿಸುವುದು ಹೇಗೆ ಎಂದು ತೋರಿಸುವ ಪ್ರದರ್ಶನ. ಗೋಡೆಯ ತುಂಬ ನಾನು ಕೈಬಿಟ್ಟವುಗಳೇ: ಕಿತ್ತ ಕಾಲರುಗಳು, ಬೇಡವೆಂದ ಗುಂಡಿಗಳು, ಹತ್ತಾರು ಸಲ ಕತ್ತರಿಸಿ ಎಸೆದ ಕಾಗದದ ಅಳತೆಗಳು. ಎಲ್ಲ ತೆಗೆದ ಮೇಲೆ ಉಳಿದ ಒಂದೇ ಒಂದು ಬಿಳಿ ಅಂಗಿ ಕೊನೆಯಲ್ಲಿ. ಇದನ್ನೆಲ್ಲ ಜೋಡಿಸಿದ ಮ್ಯೂಸಿಯಂನ ಸರಿತಾ, ಬೇಡದ್ದನ್ನು ಬಿಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದಾಗ ನಾನು ನಿಮ್ಮ ಹೆಸರು ಹೇಳಿದೆ. ಊರಲ್ಲಿ ನಮ್ಮ ಹೆಂಗಸರು ಯಾರು ತೀರಿಕೊಂಡರೂ ನಿಮಗೇ ಕರೆ ಬರುತ್ತಿತ್ತಲ್ಲ. ನೀವು ಕತ್ತರಿ ಕೂಡ ಮುಟ್ಟದೆ, ಒಂದು ಎಳೆ ಹಿಡಿದು, ಬರೀ ಕೈಯಿಂದ ಕಫನ್ ಬಟ್ಟೆ ಹರಿಯುತ್ತಿದ್ದಿರಿ. ಆ ಚರ್ರೆನ್ನುವ ಸದ್ದಿಗೆ ನಾನು ಹೆದರಿ ನಿಮ್ಮ ಸೆರಗು ಹಿಡಿಯುತ್ತಿದ್ದೆ. "ಸಾಕು ಅನ್ನೂದ ಗೊತ್ತಿದ್ರ ಬಟ್ಟಿ ತಾನ ಸೀದಾ ಹರೀತೈತಿ" ಅನ್ನುತ್ತಿದ್ದಿರಿ.

ಆ ಬಟ್ಟೆಯನ್ನೇ ತೋರಿಸೋಣ ಎಂದು ಸರಿತಾ ಹಟ ಹಿಡಿದಳು. ಅಳುಕುತ್ತಲೇ ನಿಮ್ಮನ್ನು ಕೇಳಿದೆ. ನೀವೋ ನಕ್ಕುಬಿಟ್ಟಿರಿ. "ಒಯ್ಯಿ. ನಾ ಏನ್ ನಾಳೆನ ಹೊಂಟೇನೇನು? ಮಂದಿ ನೋಡ್ಲಿ, ಕಡೀ ಫ್ಯಾಶನ್ ಹೆಂಗಿರತೈತಿ ಅಂತ. ಆದ್ರ ಕಫನ್‌ಗೆ ಹೊಲಿಗಿ ಇರಾಂಗಿಲ್ಲ, ಸೂಜಿ ತಾಗಬಾರದ ನೋಡ." ಆ ಮಾತನ್ನು ಸರಿತಾಗೆ ಹೇಳಿದ್ದೆ. ಅದು ಬಟ್ಟೆ ಜೋಡಿಸುವವರ ಕಿವಿಗೆ ಮುಟ್ಟಿರಲಿಲ್ಲ.

ಅಲ್ತಾಫನ ಫೋನ್ ಬಂದೊಡನೆ ಪೆಟ್ಟಿಗೆ ತೆರೆಸಿದೆ. ಬಟ್ಟೆ ಎತ್ತಿದರೆ ಬರಲಿಲ್ಲ. ಹಿಂದಿನ ಹಲಗೆಗೆ ಬಿಗಿದ ಬಟ್ಟೆಗೆ ಸೇರಿಸಿ ಅಂಚಿನುದ್ದಕ್ಕೂ ಹೊಲಿದುಬಿಟ್ಟಿದ್ದಾರೆ, ಖಾಲಾ. "ಜೋತು ಬೀಳಬಾರದಂತ ನಾಜೂಕ ಟಾಕಾ ಹಾಕೇನ್ರಿ ಮೇಡಂ. ಹಳೀ ಸೀರಿಗೋಳಿಗೂ ಹಂಗ ಮಾಡ್ತೀವ್ರಿ" ಎಂದರು ಇಲ್ಲಿಯ ಕೆಲಸಗಾರ ಕಾಶಿನಾಥ. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಇದು ಏನು ಬಟ್ಟೆ ಎಂದು ತಿಳಿದ ಮೇಲೆ ಅವರ ಮುಖ ಬಿಳಿಚಿಕೊಂಡಿತು.

ಗೋಕಾಕದ ಪೇಟೆಯಿಂದ ಅಂಥದ್ದೇ ಹೊಸದು ತಂದುಕೊಡೋಣ, ಅವರಿಗೇನು ಗೊತ್ತಾಗುತ್ತದೆ ಎಂದಳು ಸರಿತಾ. ನಿಮ್ಮ ಬೆರಳುಗಳ ಪರಿಚಯ ಅವಳಿಗಿಲ್ಲ. ಗೊತ್ತಾಗದಿದ್ದರೂ ನಿಮಗೆ ನಾನು ಸುಳ್ಳು ಹೊದಿಸಲಾರೆ.

ಈಗ ನಾನೂ ಕಾಶಿನಾಥರೂ ಎದುರುಬದುರು ಕೂತು ಟಾಕಾ ಬಿಚ್ಚುತ್ತಿದ್ದೇವೆ. ಅವಸರ ಮಾಡಿದರೆ ಎಳೆ ಹರಿಯುತ್ತದೆ, ತಡ ಮಾಡಿದರೆ ನೀವು... ಮುಂದಿನದನ್ನು ಬರೆಯಲಾರೆ. ಸಣ್ಣ ಸಣ್ಣ ತೂತುಗಳು ಉಳಿಯುತ್ತಿವೆ. ಖಾಲಾ, ಇದಕ್ಕೆ ಸೂಜಿ ತಾಗಿದೆ. ಇದೇ ಬೇಕೋ, ಬೇರೆ ತರಲೋ? ನೀವೇ ಹೇಳಿ. ಇಷ್ಟನ್ನು ಈಗಲೇ ಕಳಿಸುತ್ತಿದ್ದೇನೆ.

* * *

ಓದಿ ಮುಗಿಸಿದೊಡನೆ ಮಹೆಕ ನನಗೆ ಕರೆ ಮಾಡಿ, ಫೋನನ್ನು ನಿಮ್ಮ ಬಾಯಿಯ ಹತ್ತಿರ ಹಿಡಿದಳು. ಒಂದೊಂದು ಮಾತಿಗೂ ನೀವು ಏದುಸಿರು ಬಿಡುತ್ತಿದ್ದಿರಿ. ಆದರೂ ಬೈಗುಳ ಮಾತ್ರ ಹಳೆಯದೇ. "ಹುಚ್ಚಿ, ಮುಂಜಾನಿಂದ ನನ್ನ ಮೈಗೆ ಎಷ್ಟ ಸೂಜಿ ಚುಚ್ಯಾರ ಗೊತ್ತೈತೇನು? ಹಂಗಂತ ಅಲ್ಲಾ ನನ್ನ ಒಲ್ಲೆ ಅಂತಾನೇನು? ಅದನ್ನ ತಾ. ಹರಿಯೂದು ಮಾತ್ರ ನೀನ. ಆ ಕಾಶಿನಾಥಗ ಬೈಬ್ಯಾಡ."

ಸ್ಪೀಕರಿನಲ್ಲಿ ಕಾಶಿನಾಥರೂ ಕೇಳಿಸಿಕೊಂಡರು. ಕಣ್ಣೊರೆಸಿಕೊಂಡು ಕಡೆಯ ಟಾಕಾ ಅವರೇ ಬಿಚ್ಚಿದರು. ಖಾಲಿ ಪೆಟ್ಟಿಗೆಯಲ್ಲಿ ಏನಿಡೋಣ ಎಂದು ಸರಿತಾ ಮೆಲ್ಲಗೆ ಕೇಳಿದಳು. ಏನೂ ಬೇಡ, ಬಟ್ಟೆಯ ಒಡತಿ ವಾಪಸ್ ಕೇಳಿದಳು ಎಂದಷ್ಟೇ ಬರೆದಿಡಿ ಎಂದೆ.

ಕಾರು ಬಾಗಿಲಿಗೆ ಬಂದಿದೆ. ಬಟ್ಟೆ ಮಡಿಲಲ್ಲಿಟ್ಟುಕೊಂಡು ಹೊರಟೆ. ಹರಿಯುವ ಕೆಲಸಕ್ಕೆ ನಾನಿನ್ನೂ ಒಪ್ಪಿಲ್ಲ, ನೆನಪಿರಲಿ. ಮೊದಲು ನೀವು ಇದನ್ನು ಬೆರಳಾಡಿಸಿ ನೋಡಬೇಕು, ಒಂದೊಂದು ತೂತಿಗೂ ನನ್ನನ್ನು ಬೈಯಬೇಕು. ಅಷ್ಟು ಹೊತ್ತು ಅಲ್ಲಾ ನಿಮ್ಮನ್ನು ನನಗೆ ಉಳಿಸಿಕೊಡಲಿ ಎಂದು ದುವಾ ಮಾಡುತ್ತ ಬರುತ್ತಿದ್ದೇನೆ.

ನಿಮ್ಮ ಸೆರಗು ಇನ್ನೂ ಬಿಡದ,
ಯಾಸ್ಮೀನ