ಭರಮವ್ವನಿಂದ ತೆಗೆದುಕೊಳ್ಳದ ರಕ್ತ

ಹಾವೇರಿ, ಫೆಬ್ರುವರಿ 11, ಬುಧವಾರ

ಊಟ ಸೇರಲಿಲ್ಲ. ಭರಮವ್ವನ ಮನೆಗೆ ಹೋಗಿ ಬಂದಾಗಿನಿಂದ ಮನಸ್ಸು ಸರಿಯಿಲ್ಲ.

ಹೋದ ವಾರ ಬ್ಯಾಡಗಿಯಲ್ಲಿ ನಮ್ಮ ಸಂಶೋಧನಾ ತಂಡದವರು ಆರೋಗ್ಯವಂತರ ರಕ್ತ ಸಂಗ್ರಹಿಸುತ್ತಿದ್ದೆವು. ಗಟ್ಟಿಮುಟ್ಟಾಗಿರುವವರಲ್ಲೂ ರೋಗನಿರೋಧಕ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ. ಅದು ಸರಿಯಾಗಿ ತಿಳಿದರೆ ಮುಂದೆ ಅವರವರ ಮೈಗೆ ಒಗ್ಗುವ ಔಷಧ ಕೊಡಬಹುದು. ಮೆಣಸಿನಕಾಯಿ ತೊಟ್ಟು ಬಿಡಿಸುವ ಭರಮವ್ವ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಆಗಷ್ಟೇ ಜ್ವರ ಬಂದು ಹೋಗಿತ್ತೆಂದು ಅವಳ ರಕ್ತ ತೆಗೆದುಕೊಳ್ಳದೆ ಬಿಟ್ಟೆವು. "ನಿಮ್ಮದು ಬ್ಯಾಡ್ರಿ" ಎಂದಷ್ಟೇ ಹೇಳಿ ನಾನು ಮುಂದಿನವರನ್ನು ಕರೆದೆ. ಸಂಜೆಯೊಳಗೆ ಓಣಿಯಲ್ಲೆಲ್ಲ ಅವಳ ರಕ್ತ ಕೆಟ್ಟಿದೆ ಎಂಬ ಮಾತು ಹಬ್ಬಿತು. ಅವತ್ತಿನಿಂದ ಸೊಸೆ ಗಂಗಾ ಕೂಸನ್ನು ಅವಳ ಕೈಗೆ ಕೊಡುತ್ತಿಲ್ಲವಂತೆ.

ಇವತ್ತು ಮನೆಗೇ ಹೋಗಿ, ರೋಗವಿದೆ ಎಂದು ಬಿಟ್ಟದ್ದಲ್ಲ ಎಂದು ಗಂಗಾಳಿಗೆ ಬಿಡಿಸಿ ಹೇಳಿದೆ.

"ಜಡ್ಡು ಇಲ್ಲಂದ್ರ ಯಾಕ ಬಿಟ್ರಿ, ಬಾಯಾರ?" ಎಂದಳು.

"ಜ್ವರ ಬಂದು ಹೋದ ಮ್ಯಾಲೆ ಸ್ವಲ್ಪ ದಿನ ರಕ್ತ ಬ್ಯಾರೆ ನಮೂನಿ ಇರತೈತಿ. ಅಷ್ಟ."

"ಹಂಗಾರ ನಮ್ಮತ್ತಿಗೆ ಏನೂ ಇಲ್ಲಂತ ಬರದು ಕೊಡ್ರಿ."

ಹೇಗೆ ಬರೆದು ಕೊಡಲಿ? ಭರಮವ್ವನ ರಕ್ತವನ್ನು ನಾನು ಪರೀಕ್ಷೆಯೇ ಮಾಡಿಲ್ಲ. ಈಗಲೇ ತೆಗೆದುಕೊಳ್ಳುತ್ತೇನೆ, ನೋಡಿಯೇಬಿಡೋಣ ಎಂದೆ. ಅಲ್ಲೇ ಇದ್ದ ಭರಮವ್ವ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ್ರಿ ಬಾಯಾರ. ಖರೇನ ಏನರ ಸಿಕ್ಕರ ನಾ ಏನ ಮಾಡ್ಲಿ?"

ಒಂದು ವಾರದ ಹಿಂದೆ ಈಕೆಗೆ ಯಾವ ಭಯವೂ ಇರಲಿಲ್ಲ. ಗಂಗಾಳಿಗೂ ಪಾಪ ಅನಿಸಿರಬೇಕು. ಅಷ್ಟರಲ್ಲಿ ಅವಳ ಸೊಂಟದ ಮೇಲಿದ್ದ ಕೂಸು ಅಜ್ಜಿಯ ಕಡೆಗೆ ಬಾಗಿತು. ಗಂಗಾ ತಡೆಯಲಿಲ್ಲ. ಭರಮವ್ವನೇ ಹಿಂದೆ ಸರಿದಳು.