ನಾಲ್ಕು ಮೂಲೆ ಕೂಡುವ ಕಡೆ

ಯಾತ್ಸುಶಿರೊ
ಅಕ್ಟೋಬರ್ ೧೨

ಮಗಳು ಚಿಗುಸಾಗೆ ಅಪ್ಪನ ಅಕ್ಕರೆ.

ನೀನೂ ಹೊಟ್ಟೆಯಲ್ಲಿರುವ ಕೂಸೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಆರು ವಾರ ತಡವಾಗಿ ಬರೆಯುತ್ತಿದ್ದೇನೆ. ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು. ಬರೆಯಲು ಮುಖವಿರಲಿಲ್ಲ.

ಅವತ್ತು ನಿಮ್ಮ ಹೊಸ ಮನೆ ನೋಡಿದಾಗ ಒಳಗೊಳಗೇ ಹಿಗ್ಗಿದ್ದೆ. ಅಡುಗೆ, ಊಟದ ಮೇಜು, ಸೋಫಾ ಎಲ್ಲ ಒಂದೇ ಹಜಾರದಲ್ಲಿದ್ದರೂ ಮೂಲೆಯಲ್ಲಿ ಜೊಂಡಿನ ದಪ್ಪ ತತಾಮಿ ಚಾಪೆಗೆಂದು ಒಂದಿಷ್ಟು ಜಾಗ ಉಳಿಸಿದ್ದೆಯಲ್ಲ. ಆಮೇಲೆ ಆ ವಿನ್ಯಾಸಗಾರ ಹುಡುಗಿ ನಕ್ಷೆ ಬಿಚ್ಚಿದಳು. ಅಂಚುಪಟ್ಟಿಯಿಲ್ಲದ ಒಂಬತ್ತು ಚೌಕ ಚಾಪೆಗಳು, ನಾಲ್ಕು ನಾಲ್ಕು ಮೂಲೆ ಒಂದೇ ಕಡೆ ಕೂಡಿಕೊಂಡು. ನನ್ನ ಪಿತ್ತ ನೆತ್ತಿಗೇರಿತು. "ನಾಲ್ಕು ಮೂಲೆ ಕೂಡಿಸೋದು ಸಾವಿನ ಮನೇಲಿ. ಇಲ್ಲಿ ಮಗು ಮಲಗಿಸ್ತೀಯೋ, ಹೆಣ ಮಲಗಿಸ್ತೀಯೋ?" ಎಂದುಬಿಟ್ಟೆ. ನೀನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆಚೆ ಹೋದೆ. "ಚೌಕದ ಚಾಪೆಗೆ ಆ ಶಾಸ್ತ್ರ ಇಲ್ಲ ಯಜಮಾನ್ರೇ" ಎಂದು ಆ ಹುಡುಗಿ ಮೆಲ್ಲಗೆ ಹೇಳಿದಳು. ಅದು ನನಗೂ ಗೊತ್ತಿತ್ತು ಮಗಳೇ. ನಲವತ್ತಾರು ವರ್ಷ ದಬ್ಬಳ ಹಿಡಿದು ಚಾಪೆ ಹೊಲಿದವನಿಗೆ ಗೊತ್ತಿರದೆ ಏನು.

ಚಾಪೆಗಳನ್ನು ಅವಳ ನಕ್ಷೆಯಂತೆಯೇ ಹೊಲಿದಿದ್ದೇನೆ. ಅಂಚಿಗೆ ಬಟ್ಟೆಯಿಲ್ಲದಿದ್ದರೆ ಜೊಂಡನ್ನೇ ಮಡಚಬೇಕು, ತೇವ ಸಾಲದಿದ್ದರೆ ಸೀಳುತ್ತದೆ. ಮೊದಲ ಎರಡು ಹಾಳಾದವು. ಪಕ್ಕದ ಮನೆಯ ತೊಕುಜಿ ಇಣುಕಿ, "ಏನಯ್ಯಾ, ರಾಕ್ಷಸರು ಶೋಗಿ ಚದುರಂಗ ಆಡೋಕೆ ಮಣೆ ಮಾಡ್ತಿದೀಯಾ?" ಎಂದ. "ಮೊಮ್ಮಗು ಉರುಳಾಡೋಕೆ ಕಣಯ್ಯಾ, ನಿನ್ನ ಕಾಲು ಆಚೆ ಇಡು" ಎಂದೆ. ಜೊಂಡಿನ ಎಳೆ ಒಂದರಲ್ಲಿ ಅಡ್ಡ, ಪಕ್ಕದ್ದರಲ್ಲಿ ಉದ್ದ ಬರುವಂತೆ ಜೋಡಿಸಿದಾಗ ಬಾಗಿಲ ಬೆಳಕಿಗೆ ಅದೇ ಹುಲ್ಲು ಒಂದರಲ್ಲಿ ಕಡುಹಸಿರು, ಇನ್ನೊಂದರಲ್ಲಿ ತಿಳಿಹಸಿರು. ತೊಕುಜಿಯೂ ಬಗ್ಗಿ ಬಗ್ಗಿ ನೋಡಿದ. ನಿನ್ನ ಆಯ್ಕೆ ಚೆನ್ನಾಗಿದೆ. ಇದನ್ನು ಅವತ್ತೇ ಹೇಳಬೇಕಿತ್ತು.

ಗುರುವಾರ ಲಾರಿ ಬರುತ್ತದೆ, ಒಂದು ಬುಟ್ಟಿ ಕಾಕಿ ಹಣ್ಣೂ ಇದೆ. ಚಾಪೆ ಇಳಿಸುವುದು ಅಳಿಯಂದಿರ ಕೆಲಸ, ಏಳು ತಿಂಗಳ ಬಸುರಿ ನೀನು ಒಂದನ್ನೂ ಮುಟ್ಟಕೂಡದು. ಹೊಸ ಜೊಂಡಿನ ಘಾಟಿಗೆ ವಾಕರಿಕೆ ಬಂದರೆ ಎರಡು ದಿನ ಕಿಟಕಿ ತೆರೆದಿಡಿ. ನಿನ್ನ ಕೂಸು ಅದರ ಮೇಲೆ ಬೋರಲು ಬೀಳಲಿ, ಅಂಬೆಗಾಲಿಡಲಿ, ನೂರು ಕಾಲ ಬಾಳಲಿ. ನಾನು ಆಡಿದ ಮಾತು ನನ್ನ ಮೇಲೇ ಇರಲಿ.

ನಿನ್ನ ಅಪ್ಪ,
ಕಿಯೊಜಿ

ತಾ.ಕ. ನಿನ್ನ ಅಮ್ಮ ಹೋದಾಗ ಒಳಕೋಣೆಯ ಎಂಟು ಉದ್ದ ಚಾಪೆಗಳನ್ನು ಎತ್ತಿ, ನಾಲ್ಕು ಮೂಲೆ ಕೂಡಿಸಿ ಹಾಸಿದವನು ನಾನೇ. ಈಗ ಯಾರೂ ಹಾಗೆ ಮಾಡುವುದಿಲ್ಲ. ನನ್ನ ಸುಮಿಯೆಗೆ ಯಾವುದರಲ್ಲೂ ಕಡಿಮೆಯಾಗಬಾರದೆಂದು ಮಾಡಿದೆ. ನಲವತ್ತೊಂಬತ್ತು ದಿನದ ಸೂತಕ ಕಳೆದ ಮೇಲೆ ಮತ್ತೆ ಮೊದಲಿನಂತೆ ಹಾಸಬೇಕಿತ್ತು. ಮೂರು ವರ್ಷವಾಯಿತು, ಹಾಸಿಲ್ಲ. ನೀನು ಬಂದಾಗಲೆಲ್ಲ ಸಾಮಾನು ತುಂಬಿದೆ ಎಂದು ಆ ಬಾಗಿಲು ತೆರೆಯಗೊಡಲಿಲ್ಲ. ಅವಳನ್ನು ಮಲಗಿಸಿದ ಜಾಗದಲ್ಲೇ ನಾನು ದಿನಾ ಮಲಗುವುದು. ಊರವರ ಚಾಪೆಗಳನ್ನೆಲ್ಲ ಹಾಸುವ ಕೈ ಅಲ್ಲಿ ಮಾತ್ರ ಏಳುತ್ತಿಲ್ಲ. ಕೂಸನ್ನು ಎತ್ತಿಕೊಂಡು ಬಂದಾಗ ನೀನು ಹೊಸ್ತಿಲ ಹತ್ತಿರ ಸುಮ್ಮನೆ ಕೂತಿರು, ಸಾಕು. ಚಾಪೆಗಳನ್ನು ನಾನು ಎತ್ತುತ್ತೇನೆ.